ತಮಿಳು–ತೆಲುಗು ನಟಿಯೊಬ್ಬರ ಚಿತ್ರಪಟ್ಟಿಯನ್ನು ಸಿದ್ಧಪಡಿಸುವ ಬಗೆ

ತಮಿಳು ಮತ್ತು ತೆಲುಗು ಎರಡರಲ್ಲೂ ಹೆಸರು ಮಾಡಿದ ನಟಿಯರ ಬಗ್ಗೆ ಬರೆಯುವವರು ‘ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಬಹುಭಾಷಾ ತಾರೆ’ ಎಂಬ ಸಾಲನ್ನು ಯೋಚಿಸದೆಯೇ ಬರೆದುಬಿಡುತ್ತಾರೆ. ಆ ನೂರರಲ್ಲಿ ಎಷ್ಟು ಚಿತ್ರಗಳಿಗಾಗಿ ಅವರು ನಿಜವಾಗಿ ಬಣ್ಣ ಹಚ್ಚಿದ್ದರು, ಎಷ್ಟು ಕೇವಲ ಬೇರೆ ಭಾಷೆಯ ಧ್ವನಿ ಕೂಡಿಸಿಕೊಂಡು ಮತ್ತೊಮ್ಮೆ ತೆರೆಗೆ ಬಂದವು ಎಂಬುದನ್ನು ವಿಂಗಡಿಸದಿದ್ದರೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ವೃತ್ತಿಜೀವನ ಅರ್ಥವಾಗುವುದಿಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯವರಾಗಿ, ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮನೆಮಾತಾದ ಸೌಂದರ್ಯ ಅವರನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸವನ್ನು ಹೇಗೆ ಮಾಡಬಹುದೆಂದು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಹೆಸರನ್ನು ಖಚಿತಪಡಿಸಿಕೊಳ್ಳಬೇಕು. ಸೌಂದರ್ಯ ಅವರ ಮೂಲ ಹೆಸರು ಸೌಮ್ಯ. ರಜನೀಕಾಂತ್ ಅವರ ಮಗಳ ಹೆಸರೂ ಸೌಂದರ್ಯ ಆಗಿರುವುದರಿಂದ, ಬರಿಯ ಹೆಸರನ್ನು ನಂಬಿ ತಮಿಳು ಮೂಲಗಳಲ್ಲಿ ಹುಡುಕಿದವರಿಗೆ ಇಬ್ಬರ ಸುದ್ದಿಯೂ ಬೆರೆತು ಸಿಗುತ್ತದೆ. ಆದ್ದರಿಂದ ಹೆಸರಿನ ಜೊತೆಗೆ ಚಿತ್ರದ ವರ್ಷವನ್ನೂ ಸಹನಟರ ಹೆಸರನ್ನೂ ಸೇರಿಸಿ ಹುಡುಕುವುದು ಒಳ್ಳೆಯದು.

ಅನಂತರ ಪ್ರತಿ ಭಾಷೆಯ ಮೊದಲ ಚಿತ್ರವನ್ನು ಗುರುತಿಸಿ. ಸೌಂದರ್ಯ ಅವರ ಮಟ್ಟಿಗೆ 1992ರ ‘ಗಂಧರ್ವ’ ಕನ್ನಡದ ಆರಂಭವಾದರೆ, ಮರುವರ್ಷವೇ ತೆಲುಗಿನಲ್ಲಿ ‘ಮನವರಾಲಿ ಪೆಳ್ಳಿ’ಯೂ ತಮಿಳಿನಲ್ಲಿ ‘ಪೊನ್ನುಮಣಿ’ಯೂ ಬಂದವು. ಎರಡು ವರ್ಷಗಳೊಳಗೆ ಮೂರು ಭಾಷೆಗಳಿಗೆ ಕಾಲಿಟ್ಟರೆಂಬ ಸಂಗತಿ ಈ ಮೂರು ಹೆಸರುಗಳಿಂದಲೇ ತಿಳಿಯುತ್ತದೆ. ಅದಕ್ಕೆ ವಿಶೇಷಣಗಳ ನೆರವು ಬೇಕಿಲ್ಲ.

ನಿಜವಾದ ಶ್ರಮವಿರುವುದು ವಿಂಗಡಣೆಯಲ್ಲಿ. ಒಂದೇ ಕಥೆ ಎರಡು ಭಾಷೆಗಳಲ್ಲಿ ಕಾಣಿಸಿಕೊಂಡರೆ ಅದು ಡಬ್ಬಿಂಗ್ ಆಗಿರಬಹುದು, ಮರುನಿರ್ಮಾಣ ಆಗಿರಬಹುದು, ಅಥವಾ ಏಕಕಾಲದಲ್ಲಿ ಎರಡು ಸಲ ಚಿತ್ರೀಕರಿಸಿದ ದ್ವಿಭಾಷಾ ಚಿತ್ರವೂ ಆಗಿರಬಹುದು. ಕೋಡಿ ರಾಮಕೃಷ್ಣ ನಿರ್ದೇಶಿಸಿದ 1995ರ ‘ಅಮ್ಮೋರು’ ತೆಲುಗು ಚಿತ್ರ. ತಮಿಳಿನ ‘ಅಮ್ಮನ್’ ಅದರ ಡಬ್ಬಿಂಗ್ ಮಾತ್ರ. 1999ರ ತಮಿಳು ‘ಪಡಯಪ್ಪ’ ತೆಲುಗಿಗೆ ‘ನರಸಿಂಹ’ ಎಂದು ಹೋದದ್ದೂ ಹಾಗೆಯೇ. ಈ ಎರಡೂ ಜೋಡಿಗಳನ್ನು ನಾಲ್ಕು ಚಿತ್ರಗಳೆಂದು ಬರೆಯಬಾರದು. ಎರಡೆಂದು ಎಣಿಸಿ, ಡಬ್ಬಿಂಗ್ ಹೆಸರನ್ನು ಟಿಪ್ಪಣಿಯ ಅಂಕಣದಲ್ಲಿ ಕೊಡಬೇಕು. ಆದರೆ 1995ರ ‘ಪೆದರಾಯುಡು’ವಿನ ಮಾತು ಬೇರೆ: ಅದು ಹಿಂದಿನ ವರ್ಷದ ತಮಿಳು ‘ನಾಟ್ಟಾಮೈ’ಯ ಮರುನಿರ್ಮಾಣ, ಮತ್ತು ಸೌಂದರ್ಯ ಅವರು ಇರುವುದು ತೆಲುಗಿನಲ್ಲಿ ಮಾತ್ರ. ಕಥೆ ಒಂದೇ ಎಂಬ ಕಾರಣಕ್ಕೆ ತಮಿಳು ಚಿತ್ರವನ್ನೂ ಅವರ ಲೆಕ್ಕಕ್ಕೆ ಸೇರಿಸುವಂತಿಲ್ಲ.

ದ್ವಿಭಾಷಾ ಚಿತ್ರಗಳನ್ನು ತಿಳಿಯಲು, 1950ರ ದಶಕದಲ್ಲಿ ತೆಲುಗು–ತಮಿಳು ಎರಡರಲ್ಲೂ ನಾಯಕಿಯಾಗಿದ್ದ ಸಾವಿತ್ರಿ ಅವರ ಕಾಲಕ್ಕೆ ಹೋಗಬೇಕಾಗುತ್ತದೆ. ತೆಲುಗು ಚಿತ್ರೋದ್ಯಮವೂ ಆಗ ಬಹುಮಟ್ಟಿಗೆ ಮದರಾಸಿನಲ್ಲೇ ನೆಲೆಸಿತ್ತು. ಹಾಗಾಗಿ ವಿಜಯಾ ಸಂಸ್ಥೆಯಂಥವರು ಅದೇ ಕಥೆಯನ್ನು, ಕೆಲವು ನಟರನ್ನು ಬದಲಾಯಿಸಿಕೊಂಡು, ಎರಡು ಭಾಷೆಗಳಲ್ಲಿ ಚಿತ್ರೀಕರಿಸುವುದು ಸುಲಭವಾಗಿತ್ತು. 1955ರ ತೆಲುಗು ‘ಮಿಸ್ಸಮ್ಮ’ದಲ್ಲಿ ಸಾವಿತ್ರಿ ಅವರ ಎದುರು ಎನ್.ಟಿ. ರಾಮರಾವ್ ಇದ್ದರೆ ತಮಿಳು ‘ಮಿಸ್ಸಿಯಮ್ಮ’ದಲ್ಲಿ ಜೆಮಿನಿ ಗಣೇಶನ್ ಇದ್ದರು, 1957ರ ‘ಮಾಯಾಬಜಾರ್’ನಲ್ಲಿ ತೆಲುಗಿನ ಶಶಿರೇಖೆಯೂ ತಮಿಳಿನ ವತ್ಸಲೆಯೂ ಸಾವಿತ್ರಿಯೇ. ಆಕೆ ಎರಡೂ ಭಾಷೆಗಳಲ್ಲಿ ಮಾತನಾಡಿ, ಎರಡು ಸಲ ಅಭಿನಯಿಸಿದ್ದರಿಂದ ಇವುಗಳನ್ನು ಪ್ರತ್ಯೇಕ ಚಿತ್ರಗಳೆಂದೇ ದಾಖಲಿಸುವುದು ನ್ಯಾಯ. ಭಾಷೆ ಬದಲಾದಾಗ ನಾಯಕಿಯೇ ಬದಲಾಗುವುದೂ ಉಂಟು. ಗೌತಮ್ ಮೆನನ್ ಅವರ ‘ವಿಣ್ಣೈತಾಂಡಿ ವರುವಾಯಾ’ ಮತ್ತು ‘ಏ ಮಾಯ ಚೇಸಾವೆ’ 2010ರ ಫೆಬ್ರವರಿ 26ರಂದು ಒಂದೇ ದಿನ ಬಿಡುಗಡೆಯಾದವು. ತಮಿಳಿನಲ್ಲಿ ತ್ರಿಶಾ, ತೆಲುಗಿನಲ್ಲಿ ಸಮಂತಾ ನಾಯಕಿ. ಸಮಂತಾ ತಮಿಳಿನಲ್ಲೂ ಚಿಕ್ಕ ಪಾತ್ರವೊಂದರಲ್ಲಿ ಬಂದು ಹೋಗುವುದರಿಂದ ಅವರ ಪಟ್ಟಿಯಲ್ಲಿ ಎರಡೂ ಇರಬೇಕು, ಆದರೆ ಪಾತ್ರದ ಅಂಕಣದಲ್ಲಿ ಈ ವ್ಯತ್ಯಾಸ ಕಾಣಬೇಕು.

ಇದೇ ಜಾಗದಲ್ಲಿ ಕಂಠದಾನಕ್ಕೂ ಒಂದು ಅಂಕಣವನ್ನು ಮೀಸಲಿಡಿ. ‘ಏ ಮಾಯ ಚೇಸಾವೆ’ಯಲ್ಲಿ ಕೇಳಿಬರುವುದು ಸಮಂತಾ ಅವರ ದನಿಯಲ್ಲ, ಚಿನ್ಮಯಿ ಅವರದು. ಭಾಷೆ ಬಾರದ ನಟಿಯನ್ನು ಆ ಭಾಷೆಯ ಪ್ರೇಕ್ಷಕರು ತಮ್ಮವರೆಂದೇ ಒಪ್ಪಿಕೊಳ್ಳುವುದರಲ್ಲಿ ತೆರೆಯ ಹಿಂದಿನ ಈ ಕಲಾವಿದೆಯರ ಪಾಲು ದೊಡ್ಡದು, ಮತ್ತು ನಮ್ಮ ಪಟ್ಟಿಗಳು ಅದನ್ನು ಸಾಮಾನ್ಯವಾಗಿ ಮರೆಯುತ್ತವೆ.

ವರ್ಷವನ್ನು ಬರೆಯುವಾಗಲೂ ಎಚ್ಚರ ಬೇಕು, ಏಕೆಂದರೆ ಸೆನ್ಸಾರ್ ಆದ ವರ್ಷವೂ ಬಿಡುಗಡೆಯ ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ಸೌಂದರ್ಯ ಅವರೇ ನಿರ್ಮಿಸಿ ನಟಿಸಿದ, ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ದ್ವೀಪ’ವನ್ನು ಎಲ್ಲರೂ 2002ರ ಚಿತ್ರವೆಂದು ಹೇಳುತ್ತಾರೆ, ಆದರೆ ಅದು ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆದದ್ದು 2001ರ ಸಾಲಿನ 49ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ. ಪ್ರಶಸ್ತಿಗೆ ಸೆನ್ಸಾರ್ ಪ್ರಮಾಣಪತ್ರದ ವರ್ಷವನ್ನು ಪರಿಗಣಿಸುವುದರಿಂದ ಇದರಲ್ಲಿ ವಿರೋಧವೇನೂ ಇಲ್ಲ. ಪಟ್ಟಿಯ ಉದ್ದಕ್ಕೂ ಬಿಡುಗಡೆಯ ವರ್ಷವನ್ನೇ ಅನುಸರಿಸಿ, ಪ್ರಶಸ್ತಿಯ ವರ್ಷವನ್ನು ಬೇರೆಯಾಗಿ ನಮೂದಿಸಿ.

ಪರಿಶೀಲನೆಗೆ ಚಿತ್ರದ ಆರಂಭದಲ್ಲಿ ತೋರಿಸುವ ಪ್ರಮಾಣಪತ್ರವೇ ಮೊದಲ ಸಾಕ್ಷಿ. ಹಳೆಯ ಚಿತ್ರಗಳಾದರೆ ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ನೋಡಿ, ಅವುಗಳಲ್ಲಿ ತಾರಾಗಣದ ವಿವರವಿರುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಮತ್ತು ಚೆನ್ನೈನ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯ ಇಂಥ ಸಾಮಗ್ರಿಗೆ ಹೆಸರಾಗಿವೆ. ಅಭಿಮಾನಿಗಳ ಪಟ್ಟಿಗಳು ದಾರಿ ತೋರಿಸಬಲ್ಲವು, ಸಾಕ್ಷಿಯಾಗಲಾರವು.

ಕಡೆಯದಾಗಿ, ಮರಣಾನಂತರದ ಮತ್ತು ಅಪೂರ್ಣ ಚಿತ್ರಗಳಿಗೆ ಬರೋಣ. ಸೌಂದರ್ಯ ಅವರು 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆಂದು ಜಕ್ಕೂರಿನಿಂದ ಹೊರಟ ಚಿಕ್ಕ ವಿಮಾನ ಉರುಳಿಬಿದ್ದು ತೀರಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಕನ್ನಡದ ‘ಆಪ್ತಮಿತ್ರ’ವನ್ನು ‘ಮರಣಾನಂತರ ಬಿಡುಗಡೆ’ ಎಂಬ ಸೂಚನೆಯೊಂದಿಗೆ ಮುಖ್ಯ ಪಟ್ಟಿಯಲ್ಲೇ ಇಡಬೇಕು. ತೆಲುಗು ನಟ ನಂದಮೂರಿ ಬಾಲಕೃಷ್ಣ ಅವರು ತಾವೇ ನಿರ್ದೇಶಿಸಲು ಹೊರಟಿದ್ದ, ಸೌಂದರ್ಯ ದ್ರೌಪದಿಯಾಗಬೇಕಿದ್ದ ತೆಲುಗಿನ ‘ನರ್ತನಶಾಲ’ ಮಾತ್ರ ಅಲ್ಲಿಗೇ ನಿಂತುಹೋಯಿತು. ಆಗ ಚಿತ್ರೀಕರಿಸಿದ್ದ ಸುಮಾರು 17 ನಿಮಿಷಗಳ ಭಾಗ 2020ರಲ್ಲಿ ಆನ್‌ಲೈನ್‌ನಲ್ಲಿ ಬಿಡುಗಡೆಯಾಯಿತು. ಇದನ್ನು ‘ಅಪೂರ್ಣ’ ಎಂಬ ಬೇರೆ ಶೀರ್ಷಿಕೆಯಡಿ ಎರಡೂ ವರ್ಷಗಳೊಂದಿಗೆ ದಾಖಲಿಸಿ, ಒಟ್ಟು ಎಣಿಕೆಯಿಂದ ಹೊರಗಿಡಿ.