ಅಟ್ಟದ ಮೇಲಿನ ಪುಸ್ತಕದ ಗಂಟು: ಮಳೆಗಾಲಕ್ಕೆ ಮುಂಚಿನ ಕೆಲಸ

ಹಳೇ ಪುಸ್ತಕ, ಓಲೆಕಟ್ಟು (ತಾಳೆಗರಿಯ ಹಸ್ತಪ್ರತಿ) ಇರುವ ಮಲೆನಾಡಿನ ಮನೆಯಲ್ಲಿ ಗಂಟು ಬಿಚ್ಚಬೇಕಾದ್ದು ಏಪ್ರಿಲ್‌ನಲ್ಲಿ. ಮೃಗಶಿರಾ ಮಳೆ ಹಿಡಿದ ಮೇಲೆ ಬಿಚ್ಚಿದರೆ ಥಂಡಿಯನ್ನೂ ಸೇರಿಸಿ ಕಟ್ಟಿಟ್ಟಂತೆ.

ಮೊದಲು ಪಟ್ಟಿ ಮಾಡಿ. ನ್ಯೂಯಾರ್ಕಿನ ಸಿರಿವಂತ ದಾನಿ ಜೇಮ್ಸ್ ಲೆನಾಕ್ಸ್ (1800–1880) 1847ರಲ್ಲೇ, 15ನೇ ಶತಮಾನದಲ್ಲಿ ಅಚ್ಚಾದ ಅಪರೂಪದ ಗುಟೆನ್‌ಬರ್ಗ್ ಬೈಬಲ್ ತರಿಸಿಕೊಂಡವರು. ಆದರೆ ಕೋಣೆಗಳ ತುಂಬ ಪುಸ್ತಕ ಪೇರಿಸಿ, ಬೇಕಾದ್ದು ಕೈಗೆ ಸಿಗದೆ ಅದರದೇ ಇನ್ನೊಂದು ಪ್ರತಿ ಕೊಳ್ಳಬೇಕಾಗುತ್ತಿತ್ತಂತೆ. ದುಡ್ಡಿತ್ತು, ಕೊಂಡರು. ನಿಮ್ಮ ಅಟ್ಟದ ಓಲೆಗೆ ಇನ್ನೊಂದು ಪ್ರತಿ ಎಲ್ಲೂ ಇರಲಿಕ್ಕಿಲ್ಲ.

ಪಟ್ಟಿಯಲ್ಲಿ ಕ್ರಮಸಂಖ್ಯೆ, ಹೆಸರು, ಮುದ್ರಣದ ಊರು-ವರ್ಷ, ಪುಟ ಅಥವಾ ಗರಿಗಳ ಲೆಕ್ಕ, ಯಾವ ಪೆಟ್ಟಿಗೆ ಎಂಬುದಿರಲಿ. ಪುಸ್ತಕದ ಅಥವಾ ಓಲೆಯ ಕೊನೆಯಲ್ಲಿ ಪ್ಲವ ಸಂವತ್ಸರ ಎಂದಷ್ಟೇ ಇದ್ದರೆ ಹಾಗೇ ಬರೆದುಕೊಳ್ಳಿ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಊಹಿಸಿ ಇಸವಿ ಹಾಕಿದರೆ ಮುಂದಿನವರೂ ಅದನ್ನೇ ನಂಬುತ್ತಾರೆ. ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಚೀಟಿಯ ಮೇಲೆ ಬರೆದು ಒಳಗಿಡಿ.

ಧೂಳು ತೆಗೆಯಲು ಮೆತ್ತನೆಯ ಒಣ ಬ್ರಷ್ ಸಾಕು. ಕಡತವಾದರೆ ಬ್ರಷ್ಷೂ ಬೇಡ: ಮಸಿ ಹಚ್ಚಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು, ಉಜ್ಜಿದರೆ ಲೆಕ್ಕಪತ್ರವೇ ಅಳಿಸಿಹೋಗುತ್ತದೆ. ಫೋಟೋ ತೆಗೆದು ಮಡಿಸಿಡಿ. ಓಲೆಗೆ ಮಜ್ಜಿಗೆಹುಲ್ಲಿನ (ನಿಂಬೆಹುಲ್ಲಿನ) ಎಣ್ಣೆ ಸವರುವುದುಂಟು, ಆದರೆ ಕಂಟದಿಂದ, ಅಂದರೆ ಓಲೆ ಬರೆಯುವ ಚೂಪು ಮೊನೆಯ ಲೋಹದ ಕಡ್ಡಿಯಿಂದ, ಕೊರೆದ ಅಕ್ಷರಕ್ಕೆ ಮಾತ್ರ. ಶಾಯಿಯ ಬರಹಕ್ಕೆ ತಾಗಿಸಬೇಡಿ.

ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ನೆರಳಲ್ಲಿ, ಗಾಳಿಯಾಡುವ ಜಗಲಿಯಲ್ಲಿ ಬಿಡಿಸಿಟ್ಟು, ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಹೊರಗೆ ಬ್ರಷ್ ಮಾಡಿ. ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ಹುಳದ ಪುಡಿ ಉದುರುತ್ತಿದ್ದರೆ ಮುದ್ರಿತ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ 2 ವಾರ ಇಡಿ. ಹೊರತೆಗೆದು 24 ಗಂಟೆ ಬಿಚ್ಚಬೇಡಿ, ಬಿಚ್ಚಿದರೆ ಪುಟದ ಮೇಲೆಲ್ಲ ನೀರು ಕೂರುತ್ತದೆ.

ಹಿಂದೆ ಒಲೆಯ ಹೊಗೆ ಅಟ್ಟವನ್ನು ಬೆಚ್ಚಗಿಡುತ್ತಿತ್ತು. ಗ್ಯಾಸ್ ಬಂದ ಮನೆಯಲ್ಲಿ ಅದೇ ಅಟ್ಟ ಈಗ ಥಂಡಿ. ಗಂಟನ್ನು ಕೆಳಗಿಳಿಸಿ, ಗೋಡೆಯಿಂದ 4 ಇಂಚು, ನೆಲದಿಂದ ಅರ್ಧ ಅಡಿ ಬಿಟ್ಟು ಬೀರುವಿನಲ್ಲಿಡಿ. ಬಜೆಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಒರಲೆಗೆ ಅದು ಸಾಲದು, ಬೀರುವಿನ ಕಾಲನ್ನು ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡಲೇಬೇಕು.