ಸೋಲಾರ್ ಲೈಟ್ ಹತ್ತುತ್ತಿಲ್ಲವೇ? ಚೋಕ್ ಬಿಚ್ಚುವ ಮೊದಲು ಇಷ್ಟು ನೋಡಿ

ಮಲೆನಾಡಿನ ತೋಟದ ಮನೆಗಳಲ್ಲಿ ಹಳೆಯ ಸೋಲಾರ್ ಲೈಟುಗಳು ಇನ್ನೂ ಉಳಿದಿವೆ. ಕರೆಂಟ್ ಬಂದ ಮೇಲೂ, ಮಳೆಗಾಲಕ್ಕೆ ಬೇಕಾಗುತ್ತೆ ಅಂತ ಯಾರೂ ತೆಗೆದಿಲ್ಲ. ಜಗಲಿಗೊಂದು, ಅಡುಗೆಮನೆಗೊಂದು, ಕೊಟ್ಟಿಗೆಗೊಂದು. 12 ವೋಲ್ಟಿನ ಬ್ಯಾಟರಿ. 7, 9 ಇಲ್ಲವೇ 11 ವ್ಯಾಟಿನ ಯು ಆಕಾರದ ಟ್ಯೂಬ್. ಲೈಟ್ ಹತ್ತದಿದ್ದರೆ ‘ಚೋಕ್ ಹೋಗಿದೆ’ ಅಂತ ಎಲ್ಲರೂ ಹೇಳಿಬಿಡುತ್ತಾರೆ. ಎಷ್ಟೋ ಸಲ ಚೋಕ್ ನೆಟ್ಟಗೇ ಇರುತ್ತದೆ.

ಇದು ಮಾಮೂಲಿ ಟ್ಯೂಬ್‌ಲೈಟಿನ ತೂಕದ ಚೋಕ್ ಅಲ್ಲ. ಪುಟ್ಟ ಬೋರ್ಡ್, ಅದರ ಮೇಲೆ ಒಂದೆರಡು ಟ್ರಾನ್ಸಿಸ್ಟರ್, ಒಂದು ಫೆರೈಟ್ ಟ್ರಾನ್ಸ್‌ಫಾರ್ಮರ್, ಕೆಲವು ಕಂಡೆನ್ಸರ್. ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ, ಟ್ಯೂಬ್ ಹೊತ್ತುವಷ್ಟು ವೋಲ್ಟೇಜ್ ಮೇಲೇರಿಸುವುದು ಇದರ ಕೆಲಸ. ಹೊತ್ತುವ ಕ್ಷಣದಲ್ಲಿ ಟ್ಯೂಬಿನ ಕಡೆ ನೂರಾರು ವೋಲ್ಟ್ ಇರುತ್ತದೆ. ಬರೀ 12 ವೋಲ್ಟ್ ಅಲ್ವಾ ಅಂತ ಕೈ ಹಾಕಬೇಡಿ. ನಾನು ಹಾಕಿದ್ದೆ, ಏಣಿಯಿಂದ ಬೀಳದೇ ಇದ್ದದ್ದು ಪುಣ್ಯ.

ಮೊದಲು ಬ್ಯಾಟರಿ ನೋಡಿ. ಲೈಟ್ ಹಾಕಿದ ಹೊತ್ತಲ್ಲೇ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಬೇಕು. ಸುಮ್ನೆ ಕೂತ ಬ್ಯಾಟರಿ 12.6 ತೋರಿಸಿ, ಲೋಡ್ ಬಿದ್ದ ಕೂಡಲೇ 11ಕ್ಕೆ ಕುಸಿಯಬಹುದು. ಆಗ ಚೋಕ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಬ್ಯಾಟರಿ ಸರಿಯಿದ್ದರೆ ಲೈಟಿನ ಹತ್ತಿರವೇ, ಚೋಕಿಗೆ ಬರುವ ತಂತಿಯಲ್ಲಿ ಅಳೆಯಿರಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. 11 ವ್ಯಾಟಿನ ಲೈಟ್ ಸುಮಾರು 1 ಆಂಪಿಯರ್ ಎಳೆಯುತ್ತದೆ. 1 ಚದರ ಮಿ.ಮೀ. ದಪ್ಪದ ತಾಮ್ರದ ತಂತಿಯಲ್ಲಿ 10 ಮೀಟರ್ ದೂರದ ಕೊಟ್ಟಿಗೆಗೆ ಹೋದರೆ, ಹೋಗಿ ಬರುವ ದಾರಿ ಸೇರಿ ಮೂರನೇ ಒಂದು ವೋಲ್ಟಿಗಿಂತ ತುಸು ಜಾಸ್ತಿ ದಾರಿಯಲ್ಲೇ ಖರ್ಚು. ಅಷ್ಟಾದರೆ ತೊಂದರೆಯಿಲ್ಲ. ಆದರೆ ಹಸಿರುಗಟ್ಟಿದ ಜೋಡಣೆ, ಸಡಿಲ ಸ್ಕ್ರೂ, ಟೇಪ್ ಸುತ್ತಿದ ಗಂಟು ಸೇರಿದರೆ ಒಂದೆರಡು ವೋಲ್ಟ್ ಮಾಯ. ತಂತಿಯ ತುದಿ ಕೆರೆದು ಬಿಗಿ ಮಾಡಿದರೆ ಸಾಕು, ಲೈಟ್ ಹತ್ತಿದ ಉದಾಹರಣೆ ಬೇಕಾದಷ್ಟಿವೆ.

ಆಮೇಲೆ ಟ್ಯೂಬ್. ಬುಡದಲ್ಲಿ ಕಪ್ಪಗಾಗಿದ್ದರೆ, ಮಿಣುಕುತ್ತಿದ್ದರೆ ಅದರ ಆಯಸ್ಸು ಮುಗಿಯಿತೆಂದೇ ಲೆಕ್ಕ. ಪಕ್ಕದ ಕೋಣೆಯ ಚೆನ್ನಾಗಿರುವ ಟ್ಯೂಬನ್ನು ಹಾಕಿ ನೋಡಿ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಅದೇ ವ್ಯಾಟಿನದು, ಅದೇ ಪಿನ್ನಿನದು ಇರಬೇಕು. ಸತ್ತ ಟ್ಯೂಬನ್ನು ಹಾಗೇ ಬಿಟ್ಟು ಸ್ವಿಚ್ ಹಾಕುತ್ತಿದ್ದರೆ ಕೊನೆಗೆ ಚೋಕನ್ನೂ ತಿನ್ನುತ್ತದೆ.

ಇಷ್ಟಾದರೂ ಕತ್ತಲೆಯೇ ಅಂದರೆ ಈಗ ಬಿಚ್ಚಿ. ಸ್ವಿಚ್ ಆರಿಸಿದರೆ ಸಾಲದು, ಲೈಟಿನ ಫ್ಯೂಸ್ ತೆಗೆಯಿರಿ. ಕೈಯಲ್ಲಿ ಉಂಗುರ, ಬಳೆ ಬೇಡ. ಪ್ಲಸ್ ಮೈನಸ್ ತಂತಿಗಳಿಗೆ ಗುರುತು ಹಾಕಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಒಳಗೆ ಹಲ್ಲಿ ಮೊಟ್ಟೆ, ಇರುವೆ ಗೂಡು ಇದ್ದರೆ ಬ್ರಷ್ಷಿನಿಂದ ತೆಗೆಯಿರಿ. ಅರ್ಧ ರೋಗ ಅಲ್ಲೇ ಇರಬಹುದು.

ಬೋರ್ಡಿನಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಮೊದಲನೆಯದು ಬ್ಯಾಟರಿ ತಂತಿ ಬರುವ ಜಾಗದ ಕಂಡೆನ್ಸರ್. ತಲೆ ಉಬ್ಬಿದ್ದರೆ ಬದಲಿಸಿ. ಮೈಮೇಲೆ ಬರೆದ ಮೈಕ್ರೊಫ್ಯಾರಡ್, ವೋಲ್ಟ್ ನೋಡಿಕೊಂಡು, 105 ಡಿಗ್ರಿ ತಾಳುವಂಥದ್ದು ತಂದರೆ ಒಳ್ಳೆಯದು. ಎರಡನೆಯದು ಟ್ರಾನ್ಸಿಸ್ಟರ್. ಮೀಟರನ್ನು ಬೀಪ್‌ಗಿಟ್ಟು, ಅದರ ಕಲೆಕ್ಟರ್, ಎಮಿಟರ್ ಎಂಬ ಎರಡು ಕಾಲುಗಳಿಗೆ ಮುಟ್ಟಿಸಿ. ಕೂಗಿದರೆ ಬೋರ್ಡಿನಿಂದ ಬಿಡಿಸಿ ಇನ್ನೊಮ್ಮೆ ನೋಡಿ. ಆಗಲೂ ಕೂಗಿದರೆ ಅದು ಶಾರ್ಟ್. ಅದೇ ನಂಬರಿನದು ಹಾಕಿ. ಎರಡಿದ್ದರೆ ಎರಡನ್ನೂ ಬದಲಿಸುವುದು ಲೇಸು. ಮೂರನೆಯದು ಬೆಸುಗೆ. ಟ್ರಾನ್ಸ್‌ಫಾರ್ಮರ್ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಮತ್ತೆ ಬೆಸೆಯಿರಿ. ಟ್ರಾನ್ಸ್‌ಫಾರ್ಮರಿಗೆ ಸುತ್ತಿದ ತಂತಿಯೇ ಸುಟ್ಟು ವಾಸನೆ ಬರುತ್ತಿದ್ದರೆ ಮಾತ್ರ ಒದ್ದಾಡಬೇಡಿ, ಇಡೀ ಬೋರ್ಡ್ ಬದಲಿಸಿ.

ಬೋರ್ಡ್ ಕೊಳ್ಳುವಾಗ ‘12 ವೋಲ್ಟ್ ಡಿಸಿ’ ಅಂತ ಬರೆದಿದೆಯೇ, ನಿಮ್ಮ ಟ್ಯೂಬಿನ ವ್ಯಾಟ್‌ಗೆ ಹೊಂದುತ್ತದೆಯೇ ನೋಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 230 ವೋಲ್ಟಿನ ಎಲೆಕ್ಟ್ರಾನಿಕ್ ಚೋಕ್ ಇಲ್ಲಿ ನಡೆಯುವುದಿಲ್ಲ.

ಜೋಡಿಸುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಹೊಸ ಬೋರ್ಡ್ ಕಣ್ಣೆದುರೇ ಸಾಯಬಹುದು. ತಂತಿಯ ಬಣ್ಣ ನಂಬಬೇಡಿ. ನಮ್ಮ ಮನೆಯಲ್ಲಿ ವೈರಿಂಗ್ ಮಾಡಿದವರು ಕಪ್ಪನ್ನೇ ಪ್ಲಸ್ ಮಾಡಿಟ್ಟಿದ್ದರು. ಅದು ಗೊತ್ತಾಗಿದ್ದು ಒಂದು ಬೋರ್ಡ್ ಸುಟ್ಟ ಮೇಲೆ. ಮೀಟರ್ ಹಿಡಿದೇ ಖಚಿತ ಮಾಡಿಕೊಳ್ಳಿ. ಟ್ಯೂಬ್ ಹಾಕದೆ ಸ್ವಿಚ್ ಒತ್ತಬೇಡಿ. ಲೋಡ್ ಇಲ್ಲದಿದ್ದರೆ ಒಳಗಿನ ವೋಲ್ಟೇಜ್ ಏರಿ ಟ್ರಾನ್ಸಿಸ್ಟರ್ ಹೋಗಬಹುದು. ಮೊದಲ ಸಲ 2 ಆಂಪಿಯರ್ ಫ್ಯೂಸ್ ಇಟ್ಟು ಹತ್ತಿಸಿ, ಹತ್ತು ನಿಮಿಷ ಉರಿಯಲು ಬಿಡಿ. ಆಮೇಲೆ ಆರಿಸಿ, ಫ್ಯೂಸ್ ತೆಗೆದು, ಟ್ರಾನ್ಸಿಸ್ಟರ್ ಮುಟ್ಟಿ ನೋಡಿ. ಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಬಿಸಿ ಇದ್ದರೆ ಅದರ ಬಿಸಿ ಹೀರುವ ಲೋಹದ ತುಂಡಿನ (ಹೀಟ್‌ಸಿಂಕ್) ಸ್ಕ್ರೂ ಸಡಿಲವಾಗಿದೆಯೇ ಪರೀಕ್ಷಿಸಿ.

ಟ್ಯೂಬೇ ಸಿಗುತ್ತಿಲ್ಲವೆಂದರೆ ಚೋಕಿನ ಗೋಜು ಬಿಡಿ. ಎರಡು ತಂತಿಯನ್ನು ನೇರವಾಗಿ 12 ವೋಲ್ಟಿನ ಡಿಸಿ ಎಲ್‌ಇಡಿ ಬಲ್ಬಿಗೆ ಕೊಡಬಹುದು. 5 ವ್ಯಾಟಿನದು ಸಾಕಾಗುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ತೆಗೆದ ಟ್ಯೂಬಿನಲ್ಲಿ ಪಾದರಸವಿದೆ. ತಿಪ್ಪೆಗೆ ಎಸೆಯದೆ, ಒಡೆಯದಂತೆ ಪೇಪರಿನಲ್ಲಿ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.