ಹೊರದೇಶದ ಗಿರಾಕಿ ಜೊತೆ ಕರಾರು: ವ್ಯಾಜ್ಯದ ಕಲಮು ಬರೆಯುವುದು ಹೀಗೆ

ಗಂಗಾವತಿಯ ಅಕ್ಕಿಯಿರಲಿ, ಬಳ್ಳಾರಿಯ ಜೀನ್ಸ್ ಇರಲಿ, ಬಿಲ್ಲಿನ ಅಡಿಯಲ್ಲಿ ‘ವ್ಯಾಜ್ಯಗಳು ಸ್ಥಳೀಯ ಕೋರ್ಟಿನ ವ್ಯಾಪ್ತಿಗೆ ಮಾತ್ರ’ ಎಂದು ಅಚ್ಚು ಹಾಕಿಸುವ ರೂಢಿಯಿದೆ. ಹುಬ್ಬಳ್ಳಿಯ ಗಿರಾಕಿಗೆ ಅದು ಸಾಕು. ಗಿರಾಕಿಯ ಗೋದಾಮು, ಬ್ಯಾಂಕ್ ಖಾತೆ ಚೀನಾದಲ್ಲಿದ್ದರೆ ಬಳ್ಳಾರಿಯ ಡಿಕ್ರಿ ಹಿಡಿದು ಅಲ್ಲಿ ಜಪ್ತಿ ಮಾಡಿಸುವುದು ತೀರಾ ಕಷ್ಟ.

1. ಗಿರಾಕಿಯ ಆಸ್ತಿ ಯಾವ ದೇಶದಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಭಾರತದೊಂದಿಗೆ ಪರಸ್ಪರ ಕೋರ್ಟ್ ಡಿಕ್ರಿ ಜಾರಿ ಮಾಡುವ ದೇಶಗಳ ಪಟ್ಟಿ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 44ಎ ಅಡಿ ಇದೆ. ಅದರಲ್ಲಿ ಸಿಂಗಪುರ, ಮಲೇಷ್ಯಾ, ಬಾಂಗ್ಲಾದೇಶ ಇವೆ. ಯುಎಇ 2020ರ ಜನವರಿಯಲ್ಲಿ ಸೇರಿತು. ಚೀನಾ ಇಲ್ಲ. ಆದರೆ ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥಗಾರರಿಂದ ತೀರ್ಪು ಪಡೆಯುವ ವ್ಯವಸ್ಥೆ) ತೀರ್ಪು ಜಾರಿಯ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಚೀನಾವೂ ಸೇರಿದಂತೆ ಇವೆಲ್ಲವೂ ಸೇರಿವೆ. ಹಾಗಾಗಿ ಆರ್ಬಿಟ್ರೇಷನ್ ಕಲಮನ್ನೇ ಹಾಕಿ.

ಒಂದೆರಡು ಕಂಟೇನರ್ ಮಾಲಾದರೆ ಆರ್ಬಿಟ್ರೇಷನ್ನಿನ ಖರ್ಚು ಬಾಕಿಯನ್ನೇ ಮೀರಬಹುದು. ಅಂಥ ವ್ಯವಹಾರಕ್ಕೆ ಮುಂಗಡ ಇಲ್ಲವೇ ರದ್ದು ಮಾಡಲಾಗದ ಎಲ್‌ಸಿ (ಗಿರಾಕಿಯ ಬ್ಯಾಂಕ್ ಹಣ ಪಾವತಿಗೆ ಕೊಡುವ ಖಾತರಿ ಪತ್ರ) ಬೇಕೇ ಬೇಕು.

2. ಕರಾರಿನಲ್ಲಿ ಕಂಪನಿಯ ನೋಂದಾಯಿತ ಹೆಸರನ್ನೇ ಬರೆಯಿರಿ, ದಲ್ಲಾಳಿಯದ್ದಲ್ಲ. ಚೀನಾದ ಕಂಪನಿಯ ಅಧಿಕೃತ ಹೆಸರು ಚೀನೀ ಲಿಪಿಯದ್ದು. ಅದನ್ನೂ ಕಂಪನಿಯ ಮೊಹರನ್ನೂ ಕೇಳಿ ಪಡೆಯಿರಿ.

3. ಹೆಚ್ಚಿನವರು ಎಡವುವುದು ಕಲಮಿನ ಪದಗಳಲ್ಲಿ. ‘ಆರ್ಬಿಟ್ರೇಷನ್‌ಗೆ ಹೋಗಬಹುದು’ ಎಂದರೆ ಎದುರಾಳಿ ‘ನಾನು ಒಪ್ಪಲ್ಲ’ ಎನ್ನಲು ಜಾಗ ಸಿಗುತ್ತದೆ; ‘ಹೋಗತಕ್ಕದ್ದು’ ಎಂದೇ ಇರಲಿ. ‘ಸಿಂಗಪುರದಲ್ಲಿ ಸಭೆ’ ಎಂದಷ್ಟೇ ಬರೆದರೆ ಸಾಲದು, ಸೀಟ್ (ಆರ್ಬಿಟ್ರೇಷನ್ನಿನ ಕಾನೂನಿನ ನೆಲೆ) ಸಿಂಗಪುರ ಎಂದು ಬರೆಯಬೇಕು. ತೀರ್ಪನ್ನು ಪ್ರಶ್ನಿಸುವ ಕೋರ್ಟ್ ಯಾವುದೆಂದು ನಿರ್ಧಾರವಾಗುವುದು ಸೀಟ್‌ನಿಂದ, ಸಭೆ ಸೇರಿದ ಊರಿನಿಂದಲ್ಲ. ಒಂದು ಕರಾರಿನಲ್ಲಿ ಆರ್ಬಿಟ್ರೇಷನ್ನಿನ ಸ್ಥಳ ಹಾಂಗ್‌ಕಾಂಗ್, ಕೋರ್ಟ್ ವ್ಯಾಪ್ತಿ ದೆಹಲಿ ಎಂದಿತ್ತು. ಸೀಟ್ ಹಾಂಗ್‌ಕಾಂಗೇ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಿಮ್ಮ ಬಿಲ್ಲಿನ ಅಚ್ಚು ಸಾಲೂ ಇಂಥದೇ ಗೊಂದಲ ತರುತ್ತದೆ, ರಫ್ತು ಬಿಲ್ಲಿನಿಂದ ಅದನ್ನು ತೆಗೆಸಿಬಿಡಿ.

ಸಂಸ್ಥೆ ಒಂದೇ ಇರಲಿ, ಹೆಸರು ಪೂರ್ತಿ ಇರಲಿ: ಸಿಂಗಪುರ ಇಂಟರ್‌ನ್ಯಾಷನಲ್ ಆರ್ಬಿಟ್ರೇಷನ್ ಸೆಂಟರ್. ಅದರ ಮಾದರಿ ಕಲಮನ್ನು ಇದ್ದಂತೆಯೇ ಇಳಿಸಿಕೊಳ್ಳಿ. ಅಂತರ್ಜಾಲದ ಉಚಿತ ನಮೂನೆಗಳಲ್ಲಿ ಒಂದು ಸಂಸ್ಥೆಯ ಹೆಸರಿಗೆ ಇನ್ನೊಂದರ ನಿಯಮ ಅಂಟಿರುತ್ತದೆ. ಆರ್ಬಿಟ್ರೇಟರ್ ಒಬ್ಬರೇ ಸಾಕು, ಮೂವರಾದರೆ ಮೂವರ ಫೀಸು. ಭಾಷೆ ಇಂಗ್ಲಿಷ್. ಕರಾರಿಗೆ ಯಾವ ದೇಶದ ಕಾನೂನು, ಆರ್ಬಿಟ್ರೇಷನ್ ಕಲಮಿಗೆ ಯಾವುದು ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ‘ಮೊದಲು ಮಾತುಕತೆ’ ಎಂಬ ಸಾಲು ಬೇಡ. ಅದನ್ನು ಪೂರೈಸಿಲ್ಲ ಎಂದೇ ಎದುರಾಳಿ ಅಡ್ಡ ಹಾಕುತ್ತಾನೆ.

4. ಎರಡೂ ಕಡೆ ಸಹಿ, ಪ್ರತಿ ಪುಟಕ್ಕೂ.

5. ಅಸಲು ಕರಾರು, ಇಮೇಲ್, ಬಿಲ್ ಆಫ್ ಲೇಡಿಂಗ್ (ಮಾಲು ಹಡಗಿಗೆ ಹೇರಿದ್ದಕ್ಕೆ ಹಡಗು ಕಂಪನಿ ಕೊಡುವ ದಾಖಲೆ) ಒಂದೇ ಫೈಲಿನಲ್ಲಿಡಿ. ತೀರ್ಪು ಜಾರಿಗೆ ಅಸಲು ಕರಾರು ಇಲ್ಲವೇ ದೃಢೀಕೃತ ಪ್ರತಿ ಕೇಳುತ್ತಾರೆ. ಎದುರಾಳಿಯೇ ಗೆದ್ದು ಸಿಂಗಪುರದ ತೀರ್ಪನ್ನು ಇಲ್ಲಿ ಜಾರಿಗೆ ತಂದರೆ ಅರ್ಜಿ ಹೈಕೋರ್ಟಿಗೆ ಬರುತ್ತದೆ: ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಅಲ್ಲಿ ಭಾರತದ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 48ರ ಕೆಲವೇ ಕಾರಣಗಳಿಗೆ ತಕರಾರು ನಡೆಯುತ್ತದೆ, ಮಾಲಿನ ಗುಣಮಟ್ಟದ ವಾದ ಮತ್ತೆ ಕೇಳುವುದಿಲ್ಲ. ಆದ್ದರಿಂದ ಆರ್ಬಿಟ್ರೇಷನ್ ನೋಟಿಸ್ ಬಂದ ವಾರದಲ್ಲೇ ವಕೀಲರನ್ನು ನೇಮಿಸಿ ಉತ್ತರ ಕೊಡಿ.